ರಜೆ ಒಂದು ದಿನ, ಮುಟ್ಟು ಐದು ದಿನ

ಮಾನ್ಯ ಸಂಪಾದಕರೇ,

ಮುಟ್ಟಿನ ರಜೆ ಬಗ್ಗೆ ನಿಮ್ಮ ಪತ್ರಿಕೆಗೆ ಓದುಗರು ಬರೆಯುತ್ತಿರುವುದನ್ನು ನೋಡುತ್ತಿದ್ದೇನೆ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳದ ರಜೆಗೆ ಒಪ್ಪಿದಾಗ ನನಗೂ ಖುಷಿಯಾಯಿತು. ಆದರೆ ನನ್ನ ಮುಟ್ಟು ಐದು ದಿನ ಇರುತ್ತದೆ. ಉಳಿದ ನಾಲ್ಕು ದಿನ ನಾನು ಬಸ್ಸಿನಲ್ಲೇ ಇರುತ್ತೇನೆ. ಆ ನಾಲ್ಕು ದಿನದ ಮಾತು, ಆಗ ನನಗೆ ಆಸರೆಯಾದ ಮುಟ್ಟಿನ ಕಪ್ಪಿನ ಮಾತು ಹೇಳಬೇಕು ಅನಿಸಿತು.

ನಾನು ಬಸ್ ಕಂಡಕ್ಟರ್, ವಯಸ್ಸು 41. ಜಾಸ್ತಿ ದಿನ ನನಗೆ ಬೀಳುವುದು ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟದ ರೂಟು. ಹನೂರು, ಕೌದಳ್ಳಿ, ತಾಳಬೆಟ್ಟ, ಆಮೇಲೆ ಘಾಟಿ. ಅಮಾವಾಸ್ಯೆ ಬಂತೆಂದರೆ 'ಉಘೇ ಮಾದಪ್ಪ' ಎನ್ನುತ್ತಾ ಜನ ಬಾಗಿಲವರೆಗೂ ನಿಂತಿರುತ್ತಾರೆ. ಟಿಕೆಟ್ ಕೊಡಲು ಹಿಂದಿನಿಂದ ಮುಂದಕ್ಕೆ ಹೋಗುವಷ್ಟರಲ್ಲಿ ಎರಡು ಸ್ಟಾಪು ದಾಟಿರುತ್ತದೆ. ಬೆಳಿಗ್ಗೆ ಐದೂವರೆಗೆ ಹೊರಟರೆ ಕೆಲವು ದಿನ ಶೌಚಾಲಯದ ಮುಖ ನೋಡುವುದು ಮಧ್ಯಾಹ್ನವೇ. ಅದರೊಳಗೂ ನಲ್ಲಿ ಇರುವುದಿಲ್ಲ, ಇದ್ದರೆ ಚಿಲಕ ಇರುವುದಿಲ್ಲ.

ಮುಟ್ಟಾದವಳು ಬೆಟ್ಟಕ್ಕೆ ಹೋಗಬಾರದು ಎಂದು ನಮ್ಮ ಕಡೆ ಈಗಲೂ ಹೇಳುತ್ತಾರೆ. ನಾನು ಎಷ್ಟೋ ತಿಂಗಳು ಹೋಗಿದ್ದೇನೆ. ಡ್ಯೂಟಿ ಬಿದ್ದಿತ್ತು, ಹೋದೆ. ದುಡಿಯುವ ಹೆಂಗಸಿನ ಮೇಲೆ ಮಾದಪ್ಪ ಮುನಿಯುವುದಿಲ್ಲ ಎಂದೇ ನಂಬಿದ್ದೇನೆ.

ಮೊದಲು ಪ್ಯಾಡ್ ಹಾಕುತ್ತಿದ್ದೆ. ತೊಡೆ ಸಂದಿ ಉಜ್ಜಿ ಉಜ್ಜಿ ಗಾಯವಾಗುತ್ತಿತ್ತು. ಖಾಕಿ ಬಟ್ಟೆಗೆ ಕಲೆ ಆಗಿದೆಯಾ ಎಂದು ಹಿಂದೆ ಕೈ ಇಟ್ಟು ನೋಡುವುದು ಅಭ್ಯಾಸವೇ ಆಗಿಹೋಗಿತ್ತು. ಬಳಸಿದ್ದನ್ನು ಎಲ್ಲಿ ಹಾಕುವುದು? ಪೇಪರ್‌ನಲ್ಲಿ ಸುತ್ತಿ ಊಟದ ಡಬ್ಬಿ ಇರುವ ಬ್ಯಾಗಿನಲ್ಲೇ ಇಟ್ಟುಕೊಂಡು ಮನೆಗೆ ತರುತ್ತಿದ್ದೆ. ಒಂದು ಸಲ ತಡೆಯಲಾಗದೆ ಘಾಟಿಯ ತಿರುವಿನಲ್ಲಿ ಕಿಟಕಿಯಿಂದ ಎಸೆದುಬಿಟ್ಟೆ. ಮರುದಿನ ಅದೇ ತಿರುವಿನಲ್ಲಿ ಬಸ್ಸು ನಿಧಾನವಾಯಿತು. ತಡೆಗೋಡೆಯ ಮೇಲೆ ಒಂದು ಕೋತಿ ಕೂತು ಆ ಪೊಟ್ಟಣ ಬಿಚ್ಚುತ್ತಿತ್ತು. ಒಳಗಿನ ಬಿಳಿ ಹತ್ತಿಯನ್ನು ಒಂದೊಂದೇ ಎಳೆ ಕಿತ್ತು ಬಾಯಿಗೆ ಇಡುತ್ತಿತ್ತು. ಅದು ವನ್ಯಜೀವಿ ಧಾಮದ ಕಾಡು. ಆ ಕೋತಿ ಈಗಲೂ ನನ್ನ ಕಣ್ಣ ಮುಂದಿದೆ.

ಕಪ್ ವಿಷಯ ಹೇಳಿದ್ದು ನಮ್ಮ ಬೀದಿಯ ನರ್ಸಮ್ಮ. ಸಿಲಿಕೋನ್‌ನ ಪುಟ್ಟ ಬಟ್ಟಲು, ಕೆಳಗೊಂದು ಬಾಲ. ಮಡಚಿ ಒಳಗೆ ಇಟ್ಟುಕೊಂಡರೆ ಅಲ್ಲಿ ಅರಳಿ ಕೂರುತ್ತದೆ, ರಕ್ತ ಅದರಲ್ಲಿ ತುಂಬುತ್ತದೆ. 350 ರೂಪಾಯಿ ಕೊಟ್ಟೆ. ನನ್ನ ಎರಡು ತಿಂಗಳ ಪ್ಯಾಡಿನ ದುಡ್ಡು ಅಷ್ಟೇ. ಸರಿಯಾಗಿ ಇಟ್ಟುಕೊಂಡರೆ ವರ್ಷಗಟ್ಟಲೆ ಬಾಳುತ್ತದೆ.

ಸುಲಭವಾಗಿತ್ತು ಎಂದು ಸುಳ್ಳು ಹೇಳುವುದಿಲ್ಲ. ಎರಡು ಹೆತ್ತವಳು ನಾನು, ಆದರೂ ಮೊದಲ ದಿನ ಬಚ್ಚಲಲ್ಲಿ ಅರ್ಧ ಗಂಟೆ ಒದ್ದಾಡಿದೆ. ಹಾಕಿಕೊಳ್ಳುವುದು ಹೇಗೋ ಆಯಿತು, ತೆಗೆಯಲು ಬರಲಿಲ್ಲ. ಬಾಲ ಹಿಡಿದು ಎಳೆದಷ್ಟೂ ಒಳಗೆ ಕಚ್ಚಿಕೊಂಡಿತು. ಬೆವರು ಕಿತ್ತುಕೊಂಡು ಬಂತು. ಬಚ್ಚಲಿಂದಲೇ ನರ್ಸಮ್ಮನಿಗೆ ಫೋನ್ ಮಾಡಿದೆ. 'ಎಳೀಬೇಡಮ್ಮ. ಕುಕ್ಕರಗಾಲಲ್ಲಿ ಕೂತ್ಕೋ. ಹೆರಿಗೆಲಿ ಮುಕ್ಕಿದ ಹಾಗೆ ಸ್ವಲ್ಪ ಮುಕ್ಕು. ಬುಡ ಕೈಗೆ ಸಿಗುತ್ತೆ. ಎರಡು ಬೆರಳಲ್ಲಿ ಹಿಸುಕು, ಗಾಳಿ ಬಿಡುತ್ತೆ, ಆಮೇಲೆ ನಿಧಾನಕ್ಕೆ ತೆಗಿ' ಎಂದರು. ಬಂತು. ಆ ಫೋನ್ ಇಲ್ಲದಿದ್ದರೆ ಅವತ್ತೇ ಕಪ್ಪನ್ನು ಬಿಸಾಡುತ್ತಿದ್ದೆ. ಎರಡನೇ ತಿಂಗಳು ಸ್ವಲ್ಪ ಸೋರಿತು. ಪೂರ್ತಿ ಅರಳದೆ ಮಡಿಕೆ ಉಳಿದರೆ ಹಾಗಾಗುತ್ತದಂತೆ, ಬುಡದ ಸುತ್ತ ಬೆರಳಾಡಿಸಿ ನೋಡಬೇಕು. ಮೂರನೇ ತಿಂಗಳು ಹಾಕಿಕೊಂಡಿದ್ದೇ ಮರೆತುಹೋಗಿತ್ತು.

ಮುಟ್ಟು ಮುಗಿದ ಮೇಲೆ ಐದು ನಿಮಿಷ ಕುದಿಸಬೇಕು. ಅಡುಗೆ ಒಲೆಯ ಮೇಲೆ ಬೇಡ ಎಂದರು ನಮ್ಮತ್ತೆ. ಅವರ ಮನಸ್ಸಿಗೆ ಯಾಕೆ ನೋವು ಕೊಡುವುದು ಎಂದು ಬಚ್ಚಲ ನೀರೊಲೆಯಲ್ಲಿ ಬೇರೆ ಪಾತ್ರೆ ಇಟ್ಟೆ. ಈಗ ನಾನು ಡ್ಯೂಟಿಯಿಂದ ಲೇಟಾದರೆ 'ಅದನ್ನ ಕುದಿಸಿದ್ಯಾ?' ಎಂದು ಅವರೇ ಕೇಳುತ್ತಾರೆ.

ನನಗೆ ಎಲ್ಲಕ್ಕಿಂತ ದೊಡ್ಡ ಉಪಕಾರ ಬೇರೆಯೇ ಆಯಿತು. ನನ್ನ ಕಪ್ಪಿನ ಮೇಲೆ ಮಿಲಿ ಲೆಕ್ಕದ ಗೆರೆಗಳಿವೆ. ಪ್ಯಾಡಿನಲ್ಲಿ ಎಷ್ಟು ಹೋಯಿತು ಎಂದು ಯಾರಿಗೆ ಗೊತ್ತಾಗುತ್ತದೆ? ಒಂದು ತಿಂಗಳು ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ಐದು ದಿನಕ್ಕೆ 130 ಮಿಲಿ ದಾಟಿತ್ತು. ಅದನ್ನೇ ಡಾಕ್ಟರಿಗೆ ತೋರಿಸಿದೆ. 80 ಮಿಲಿ ಮೀರಿದರೆ ಜಾಸ್ತಿ ಎಂದೇ ಲೆಕ್ಕ, ಇಷ್ಟು ದಿನ ಯಾಕೆ ಬರಲಿಲ್ಲ ಎಂದರು. ರಕ್ತ ನೋಡಿದರೆ ಹಿಮೋಗ್ಲೋಬಿನ್ ಬರೀ 8.4, ರಕ್ತ ಕಡಿಮೆ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಸಣ್ಣ ಗಡ್ಡೆ ಸಿಕ್ಕಿತು. ವರ್ಷಗಳಿಂದ ಘಾಟಿ ಹತ್ತುವಾಗ ಕಂಬಿ ಹಿಡಿದು ಕಣ್ಣು ಮಂಜಾಗುತ್ತಿದ್ದುದನ್ನು ನಾನು ನಿದ್ದೆಗೇಡು ಅಂದುಕೊಂಡಿದ್ದೆ. ಈಗ ಚಿಕಿತ್ಸೆ ನಡೀತಿದೆ, ಕಬ್ಬಿಣದ ಮಾತ್ರೆಯೂ ಇದೆ. ಎರಡನೇ ದಿನ ಕಪ್ ನಾಲ್ಕೈದು ತಾಸಿಗೇ ತುಂಬುತ್ತದೆ, ರಜೆ ಸಿಕ್ಕರೆ ಅವತ್ತಿಗೆ ಇಟ್ಟುಕೊಳ್ಳುತ್ತೇನೆ. ಮೂರನೇ ದಿನದಿಂದ ಬೆಳಿಗ್ಗೆ ಹಾಕಿಕೊಂಡರೆ ಮನೆಗೆ ಬಂದೇ ತೆಗೆಯುವುದು. ಒಳಗಿಟ್ಟು 12 ತಾಸು ಮೀರಬಾರದು, ಅದೊಂದು ನೆನಪಿರಬೇಕು.

ಎಲ್ಲರೂ ಇದನ್ನೇ ಬಳಸಿ ಎನ್ನುತ್ತಿಲ್ಲ. ನನ್ನ ಜೊತೆ ಕೆಲಸ ಮಾಡುವ ಒಬ್ಬರಿಗೆ ಮಕ್ಕಳಾಗದಂತೆ ಗರ್ಭಕೋಶದೊಳಗೆ ವಂಕಿ (ಕಾಪರ್-ಟಿ) ಹಾಕಿದ್ದಾರೆ. ಕಪ್ ತೆಗೆಯುವಾಗ ವಂಕಿ ಜರುಗುವ ಭಯ ಉಂಟು, ಮೊದಲು ಡಾಕ್ಟರನ್ನು ಕೇಳಿ ಎಂದೆ. ನನ್ನ ಮಗಳು ಪಿಯುಸಿ ಓದುತ್ತಿದ್ದಾಳೆ, ಬೇಡ ಅಂದಳು, ಬಿಟ್ಟೆ. ಅವಳ ಮೈ, ಅವಳ ಇಷ್ಟ. ಆದರೆ ಕಪ್ ಹಾಕಿದರೆ ಹುಡುಗಿ ಕೆಡುತ್ತಾಳೆ ಎನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಕನ್ಯಾಪೊರೆ ಎನ್ನುವ ಒಂದು ಪೊರೆಯಲ್ಲಿ ಹುಡುಗಿಯ ಮರ್ಯಾದೆ ಇಟ್ಟವರು ಯಾರು?

ನಮ್ಮ ಚಾಮರಾಜನಗರ ಮತ್ತು ದಕ್ಷಿಣ ಕನ್ನಡದಲ್ಲೇ ಸರ್ಕಾರ 'ಮೈತ್ರಿ ಮುಟ್ಟಿನ ಕಪ್' ಎಂದು ಹುಡುಗಿಯರಿಗೆ ಕೊಡಲು ಶುರು ಮಾಡಿದ್ದು. ಒಳ್ಳೇ ಕೆಲಸ. 2022ರಲ್ಲಿ ಕೇರಳದ ಕುಂಬಳಂಗಿ ಪ್ಯಾಡ್ ಇಲ್ಲದ ಪಂಚಾಯಿತಿ ಎನಿಸಿಕೊಂಡಿತು. ಅಲ್ಲಿ ಕಪ್ ಜೊತೆ ತರಬೇತಿಯನ್ನೂ ಕೊಟ್ಟಿದ್ದರು. ನಾನು ಕೇಳುವುದೂ ಅದನ್ನೇ. ಕಂಡಕ್ಟರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಪೌರಕಾರ್ಮಿಕರು, ಇಂಥ ದುಡಿಯುವ ಹೆಂಗಸರಿಗೂ ಕಪ್ ಕೊಡಿ. ಕೊಡುವಾಗ ಒಬ್ಬ ನರ್ಸಮ್ಮನನ್ನೂ ಕಳಿಸಿ, ಗಂಡಸರಿಲ್ಲದ ಒಂದು ಕೋಣೆ ಕೊಡಿ, ಮೂರು ತಿಂಗಳು ಫೋನ್ ಎತ್ತುವವರು ಒಬ್ಬರಿರಲಿ. ಬಸ್ ನಿಲ್ದಾಣದ ಹೆಂಗಸರ ಶೌಚಾಲಯದಲ್ಲಿ ನಲ್ಲಿ ಬಾಗಿಲ ಹೊರಗಲ್ಲ, ಒಳಗಿರಲಿ. ಒಳಗಿಂದ ಹಾಕುವ ಚಿಲಕ ಇರಲಿ.

ನಮ್ಮ ಡಿಪೊಗೆ ಯಾರಾದರೂ ಹೇಳಿಕೊಡಲು ಬಂದರೆ ಪಕ್ಕದಲ್ಲಿ ನಿಂತು ನನಗಾಗಿದ್ದನ್ನೆಲ್ಲ ಹೇಳುತ್ತೇನೆ. ಗುರುವಾರ ನನ್ನ ವಾರದ ರಜೆ. ಅವತ್ತು ಬಂದರೆ ಇಡೀ ದಿನ ಇರುತ್ತೇನೆ.

ಇಂತಿ,
ಒಬ್ಬ ಮಹಿಳಾ ಕಂಡಕ್ಟರ್, ಕೊಳ್ಳೇಗಾಲ