ಕುಡಿಯುವ ನೀರಿನ ಕೆರೆಗೆ ತಟ್ಟೆ ತೊಳೆದ ನೀರು

ಸಂಪಾದಕರಿಗೆ,

ಮಾನ್ಯರೇ,

ನಗರದ ಕೆರೆಗಳ ದಂಡೆಯಲ್ಲಿ ಸಂಜೆ ಹೊತ್ತು ತಿಂಡಿಯ ಗಾಡಿಗಳು, ಪುಟ್ಟ ಹೋಟೆಲ್‌ಗಳು ಒಂದೊಂದಾಗಿ ಶುರುವಾಗುತ್ತಿರುವುದು ಸಂತೋಷದ ಸಂಗತಿ. ದಾವಣಗೆರೆಯಲ್ಲಿ ತಿನ್ನುವುದಕ್ಕೆ ಯಾವತ್ತೂ ಕೊರತೆಯಿರಲಿಲ್ಲ. ಮನೆಮಂದಿಯೆಲ್ಲ ಗಾಳಿ ಬೀಸುವ ಕಡೆ ಕುಳಿತು, ಆತುರವಿಲ್ಲದೆ ತಿನ್ನುವ ಜಾಗಕ್ಕೆ ಕೊರತೆಯಿತ್ತು. ಹೆಸರುವಾಸಿ ಬೆಣ್ಣೆದೋಸೆ ಹೋಟೆಲ್‌ಗಳಲ್ಲಿ ನಾವು ಕೊನೆಯ ತುಂಡು ಬಾಯಿಗಿಡುವಷ್ಟರಲ್ಲೇ ಮುಂದಿನ ಸರದಿಯವರು ಬೆನ್ನ ಹಿಂದೆ ನಿಂತಿರುತ್ತಾರೆ. ಹಾಗಾಗಿ ಕೆರೆ ದಂಡೆಯ ಈ ಹೊಸ ಅಂಗಡಿಗಳನ್ನು ಎತ್ತಿಸಬೇಕೆಂದು ನಾನು ಈ ಪತ್ರ ಬರೆಯುತ್ತಿಲ್ಲ. ಅವುಗಳ ತಟ್ಟೆ ತೊಳೆದ ನೀರು ಮತ್ತು ಕರಿದು ಉಳಿದ ಎಣ್ಣೆ ಎಲ್ಲಿಗೆ ಹೋಗಬೇಕು ಎಂಬುದನ್ನು ಸಂಬಂಧಪಟ್ಟವರು ಈಗಲೇ ತೀರ್ಮಾನಿಸಬೇಕೆಂದು ಕೋರುವುದಷ್ಟೇ ನನ್ನ ಉದ್ದೇಶ.

ಇತ್ತೀಚೆಗೆ ಒಂದು ಭಾನುವಾರ ಮಕ್ಕಳು ಮತ್ತು ಊರಿಂದ ಬಂದಿದ್ದ ನಮ್ಮ ಅತ್ತೆಯವರೊಂದಿಗೆ ಇಂಥ ಒಂದು ದಂಡೆಗೆ ಹೋಗಿದ್ದೆವು. ದೋಸೆ ಗ್ಯಾಸ್ ಒಲೆಯದು. ಕಟ್ಟಿಗೆ ಒಲೆಯ ದೋಸೆಗೆ ಒಗ್ಗಿದ ನಾಲಿಗೆಗೆ ಅದು ಅಷ್ಟಕ್ಕಷ್ಟೇ ಎನಿಸಿತು. ಮಂಡಕ್ಕಿ ಮತ್ತು ಮೆಣಸಿನಕಾಯಿ ಮಾತ್ರ ಚೆನ್ನಾಗಿದ್ದವು, ಖಾರ ಎಂದು ದೂರುತ್ತಲೇ ಅತ್ತೆಯವರು ಇನ್ನೊಂದು ಪ್ಲೇಟ್ ತರಿಸಿದರು. ನಾವು ಕುಳಿತಿದ್ದ ಗಾಡಿಯ ಹಿಂದೆ ಎರಡು ಬಕೆಟ್‌ಗಳಿದ್ದವು, ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಜಾಲಿಸುವ ನೀರು. ಜಾಲಿಸುವ ನೀರೂ ಸೋಪಿನ ನೀರಿನಷ್ಟೇ ಬೆಳ್ಳಗಾದಾಗ ಕೆಲಸದಾತ ಎರಡನ್ನೂ ಎತ್ತಿ ಏರಿಯ ಒಳಮಗ್ಗುಲಿಗೆ ಸುರಿದುಬಿಟ್ಟ. ಚಟ್ನಿಯ ಚರಟ, ಈರುಳ್ಳಿ ಚೂರು ಕಲ್ಲಿನ ಸಂದಿಯಲ್ಲಿ ನಿಂತವು. ಎಣ್ಣೆ ಬೆರೆತ ನೀರು ಸಲೀಸಾಗಿ ಇಳಿದು ಕೆರೆ ಸೇರಿತು. ಅವನನ್ನು ಬೈದು ಪ್ರಯೋಜನವಿಲ್ಲ, ಏಕೆಂದರೆ ಹತ್ತಿರದಲ್ಲೆಲ್ಲೂ ನಲ್ಲಿಯಾಗಲಿ ಚರಂಡಿಯಾಗಲಿ ಕಾಣಲಿಲ್ಲ.

ಬೇರೆ ಊರಿನ ಕೆರೆಯಾಗಿದ್ದರೆ ಇದನ್ನು ಸಾಮಾನ್ಯ ಕೊಳಕು ಎಂದು ಬಿಡಬಹುದಿತ್ತೇನೋ. ನಮ್ಮ ಕುಂದುವಾಡ ಕೆರೆ ಮತ್ತು ಟಿ.ವಿ. ಸ್ಟೇಷನ್ ಕೆರೆ ವಿಹಾರಕ್ಕೆಂದು ಕಟ್ಟಿದ ಕೊಳಗಳಲ್ಲ. ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತುವ ನೀರಿನ ಜೊತೆಗೆ ಈ ಕೆರೆಗಳ ನೀರೇ ನಮ್ಮ ಮನೆಯ ನಲ್ಲಿಗಳಿಗೆ ಬರುತ್ತದೆ. ಭದ್ರಾ ನಾಲೆಯಲ್ಲಿ ನೀರು ಹರಿಯುವಾಗ ಇವುಗಳನ್ನು ತುಂಬಿಸಿಕೊಂಡು, ನಾಲೆ ನಿಂತ ಮೇಲೆ ಅದೇ ನೀರನ್ನು ತಿಂಗಳುಗಟ್ಟಲೆ ಬಳಸುತ್ತೇವೆ. ಅಂದರೆ ಇದು ಹೊಳೆಯಂತೆ ಕಸವನ್ನು ಕೊಚ್ಚಿಕೊಂಡು ಹೋಗುವ ನೀರಲ್ಲ, ನಿಂತ ನೀರು. ಅದರ ಮೇಲೆ ಎಣ್ಣೆಯ ಪದರ ಕಟ್ಟಿದರೆ ಗಾಳಿಯ ಆಮ್ಲಜನಕ ನೀರಿಗೆ ಇಳಿಯುವುದು ಕಡಿಮೆಯಾಗುತ್ತದೆ. ಅನ್ನದ ಅಗುಳು, ಚಟ್ನಿ, ಸೋಪು ಎಲ್ಲವೂ ಪಾಚಿಗೆ ಗೊಬ್ಬರ. ಶುದ್ಧೀಕರಣ ಘಟಕದಲ್ಲಿ ಆಲಂ ಹಾಕಿ ಕೆಸರು ಕೂರಿಸುತ್ತಾರೆ, ಮರಳಿನಲ್ಲಿ ಸೋಸುತ್ತಾರೆ, ಕ್ಲೋರಿನ್ ಬೆರೆಸುತ್ತಾರೆ, ನಿಜ. ಆದರೆ ಪಾಚಿ ಹೆಚ್ಚಾದಾಗ ಆ ಮರಳಿನ ಹಾಸು ಬೇಗ ಕಟ್ಟಿಕೊಳ್ಳುತ್ತದೆ ಮತ್ತು ಕೆಲವು ಬಗೆಯ ಪಾಚಿಯಿಂದ ಬರುವ ಮಣ್ಣುವಾಸನೆ ಕ್ಲೋರಿನ್‌ಗೂ ಬಗ್ಗುವುದಿಲ್ಲ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಹೋಗುವವರೂ ಇದನ್ನು ನೆನಪಿಡಬೇಕು. ರಜೆ ಬಂತೆಂದರೆ ನಾವು ಬುತ್ತಿ ಕಟ್ಟಿಕೊಂಡು ಹೊರಡುವ ಆ ಶಾಂತಿಸಾಗರದ ನೀರನ್ನು ಚಿತ್ರದುರ್ಗದವರು ಕುಡಿಯುತ್ತಾರೆ.

ಪರಿಹಾರಕ್ಕೆ ಹೊಸ ಕಾನೂನು ಬೇಕಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ವ್ಯಾಪಾರದ ಜಾಗ ಗೊತ್ತುಪಡಿಸುವಲ್ಲಿ ಪಟ್ಟಣ ವ್ಯಾಪಾರ ಸಮಿತಿಯ ಮಾತು ನಡೆಯಬೇಕು, ಮತ್ತು ಆ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. ಆ ಸಮಿತಿಯನ್ನು ಕೂರಿಸಿ, ಗಾಡಿಗಳನ್ನು ಏರಿಯ ಮೇಲಿಂದ ಇಳಿಸಿ, ರಸ್ತೆಯ ಆಚೆ ಬದಿಯಲ್ಲಿ ಸಾಲಾಗಿ ನಿಲ್ಲಿಸಲಿ. ಅಲ್ಲಿಂದಲೂ ಕೆರೆ ಕಾಣುತ್ತದೆ, ಗಾಳಿಯೂ ಬರುತ್ತದೆ. ಆ ಸಾಲಿಗೆ ಒಂದೆರಡು ನಲ್ಲಿ, ಜಿಡ್ಡು ತಡೆಯುವ ತೊಟ್ಟಿ, ಒಳಚರಂಡಿಗೆ ಒಂದು ಜೋಡಣೆ ಇಷ್ಟಾದರೆ ಸಾಕು. ತಿಂಗಳಿಗಿಷ್ಟು ಎಂದು ಶುಲ್ಕ ಕಟ್ಟಲು ಹೆಚ್ಚಿನ ವ್ಯಾಪಾರಿಗಳು ತಕರಾರು ಮಾಡಲಾರರು ಎಂಬುದು ನನ್ನ ಅನಿಸಿಕೆ. ಈಗ ಅವರು ನೀರನ್ನು ಕ್ಯಾನ್‌ನಲ್ಲಿ ಹೊತ್ತು ತರುವ ಪಾಡು ನೋಡಿದವರಿಗೆ ಇದು ಅರ್ಥವಾಗುತ್ತದೆ.

ಎಣ್ಣೆಯ ವಿಷಯದಲ್ಲಿ ಸ್ವಲ್ಪ ಬಿಗಿ ಬೇಕು. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇ 25 ಮೀರಿದರೆ ಅದನ್ನು ಅಡುಗೆಗೆ ಬಳಸಬಾರದೆಂಬ ನಿಯಮ 2018ರ ಜುಲೈನಿಂದಲೇ ಜಾರಿಯಲ್ಲಿದೆ. ಬಳಸಬಾರದು ಎಂದಷ್ಟೇ ಹೇಳಿದರೆ ಅದು ಕತ್ತಲಾದ ಮೇಲೆ ಕೆರೆಗೋ ಚರಂಡಿಗೋ ಹೋಗುತ್ತದೆ. ಉಳಿದ ಎಣ್ಣೆಯಿಂದ ಬಯೋಡೀಸೆಲ್ ತಯಾರಿಸಬಹುದು, ಅದನ್ನು ಕೊಳ್ಳುವವರಿದ್ದಾರೆ; ಸಾಲಿಗೊಂದು ಡ್ರಮ್ ಇಟ್ಟು ವಾರಕ್ಕೊಮ್ಮೆ ಒಯ್ಯುವ ಏರ್ಪಾಡು ಮಾಡಿದರೆ ವ್ಯಾಪಾರಿಗೂ ನಾಲ್ಕು ಕಾಸು ಸಿಗುತ್ತದೆ.

ತಟ್ಟೆ ತೊಳೆಯುವ ಕೆಲಸವನ್ನೇ ಕಡಿಮೆ ಮಾಡಲೂ ಸಾಧ್ಯವಿದೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ, ಆದ್ದರಿಂದ ಆ ದಾರಿ ಬೇಡ. ಮಂಡಕ್ಕಿಯನ್ನು ಹಳೆಯ ಪತ್ರಿಕೆಯ ಮೇಲೆ ಸುರಿದು ಕೊಡುವ ರೂಢಿಗೂ ಆಹಾರ ಸುರಕ್ಷತೆಯ ನಿಯಮ ಒಪ್ಪುವುದಿಲ್ಲ, ಮುದ್ರಣದ ಶಾಯಿ ತಿಂಡಿಗೆ ಅಂಟುತ್ತದೆ. (ಪತ್ರಿಕೆಗೇ ಪತ್ರ ಬರೆಯುತ್ತ ಇದನ್ನು ಹೇಳಿದ್ದಕ್ಕೆ ಸಂಪಾದಕರು ಬೇಸರಿಸಬಾರದು.) ಅಡಿಕೆಗೆ ಹೆಸರಾದ ಚನ್ನಗಿರಿ ನಮ್ಮ ಜಿಲ್ಲೆಯಲ್ಲೇ ಇರುವಾಗ ಹಾಳೆ ತಟ್ಟೆಗೆ ದೂರ ಹುಡುಕಬೇಕಾಗಿಲ್ಲ. ಒಂದು ತಟ್ಟೆಗೆ ಒಂದೆರಡು ರೂಪಾಯಿ ಹೆಚ್ಚಾದರೆ ಗಿರಾಕಿಗಳಾದ ನಾವು ಕೊಡೋಣ. ಬಳಸಿದ ಹಾಳೆ ತಟ್ಟೆಯನ್ನೂ ದಂಡೆಯಲ್ಲೇ ಎಸೆಯುವವರಿದ್ದಾರೆ, ಹಾಗಾಗಿ ಪ್ರತಿ ಗಾಡಿಯ ಪಕ್ಕ ಕಸದ ಡಬ್ಬಿ ಕಡ್ಡಾಯವಾಗಬೇಕು; ಬೀದಿ ವ್ಯಾಪಾರಿಗಳು ಡಬ್ಬಿ ಇಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು.

ಇದೆಲ್ಲ ಬೇಸಿಗೆ ರಜೆಗೆ ಮುಂಚೆಯೇ ಆಗಬೇಕೆಂಬುದು ನನ್ನ ವಿನಂತಿ. ಆ ದಿನಗಳಲ್ಲಿ ದಂಡೆಗೆ ಬರುವ ಜನ ಹೆಚ್ಚು, ಕೆರೆಯಲ್ಲಿ ಉಳಿದಿರುವ ನೀರು ಕಡಿಮೆ.

ಇಂತಿ,
ನಗರದ ನಿವಾಸಿ, ದಾವಣಗೆರೆ