ಅಜ್ಜಿಯ ಪುಟದಲ್ಲೊಂದು ಬಸ್ ಟಿಕೆಟ್

ಪ್ರೀತಿಯ ಗೆಳೆಯಾ,

ಕಳೆದ ವಾರ ಮನೆಗೆ ಬಂದಾಗ ಟೀಪಾಯ್ ಮೇಲಿದ್ದ ಪುಸ್ತಕ ನೋಡಿ ನಕ್ಕೆಯಲ್ಲ, "ಮತ್ತೆ ಅದೇ ಅರ್ತ್‌ಸೀನಾ? ಗೊತ್ತಿರೋ ಕತೆ ಎಷ್ಟು ಸಲ ಓದ್ತೀಯಾ ಮಾರಾಯ?" ಅಂತ. ಆಗ ಏನೂ ಹೊಳೆಯಲಿಲ್ಲ. ನೀನು ಹೋದ ಮೇಲೆ ಹೊಳೆಯಿತು: ಗದಾಯುದ್ಧ ಪ್ರಸಂಗ ಇದೆ ಅಂದರೆ ರಾತ್ರಿಯಿಡೀ ನಿದ್ದೆಗೆಟ್ಟು ಕೂರುವವನು ನೀನು. ಕೌರವನ ತೊಡೆ ಮುರಿಯುತ್ತೆ ಅಂತ ನಿನಗೆ ಗೊತ್ತಿಲ್ವಾ?

ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಈ ಅರ್ತ್‌ಸೀ ಕಾದಂಬರಿ ಸರಣಿಯ ಮೊದಲ ಪುಸ್ತಕ ತಂದದ್ದು 1968ರಲ್ಲಿ, ಹದಿಹರೆಯದವರಿಗಾಗಿ. ಶುರುವಿನಲ್ಲೇ ಆಡುಗಳು ಬರುತ್ತವೆ. ಗಾಂಟ್ ದ್ವೀಪದ ಏಳು ವರ್ಷದ ಹುಡುಗ, ತಾಯಿಯಿಲ್ಲದವನು. ತಾಯಿಯ ಅಕ್ಕತಂಗಿಯರಲ್ಲಿ ಒಬ್ಬಳು ಏನೋ ಒಂದು ಸಾಲು ಹೇಳಿ ಆಡನ್ನು ಕರೆದದ್ದು ಇವನ ಕಿವಿಗೆ ಬಿದ್ದಿರುತ್ತದೆ. ಮರುದಿನ ತಾನೂ ಸುಮ್ನೆ ಕೂಗಿ ನೋಡುತ್ತಾನೆ. ಆಡುಗಳೆಲ್ಲ ಬಂದು ಮೈಗೆ ಮೈ ಒತ್ತಿ ನಿಲ್ಲುತ್ತವೆ. ಕರೆಯೋದು ಗೊತ್ತು, ಕಳಿಸೋದು ಗೊತ್ತಿಲ್ಲ! ಅಳುತ್ತಾ ಊರೊಳಗೆ ಓಡುತ್ತಾನೆ, ಹಿಂಡೂ ಜೊತೆಗೇ.

ಮೊದಲ ಸಲ ಓದಿದಾಗ ನಕ್ಕು ಪುಟ ತಿರುಗಿಸಿದ್ದೆ. ಮುಂದೆ ಇದೇ ಹುಡುಗ, ಗೆಡ್, ರೋಕ್ ದ್ವೀಪದ ಮಾಂತ್ರಿಕರ ಶಾಲೆಯಲ್ಲಿ ಜಂಬಕ್ಕೆ ಬಿದ್ದು ಸತ್ತವರನ್ನು ಕರೆಯುತ್ತಾನೆ. ಜೊತೆಗೊಂದು ನೆರಳೂ ಬಂದುಬಿಡುತ್ತದೆ. ಅದನ್ನೂ ಕಳಿಸೋಕೆ ಬರುವುದಿಲ್ಲ. ಎರಡನೇ ಓದಿನಲ್ಲಿ ಆ ಆಡುಗಳನ್ನು ನೋಡಿ ನಗು ಬರಲಿಲ್ಲ ಕಣೋ.

ಇನ್ನೊಂದು ಜಾಗ ಹೇಳುತ್ತೇನೆ. ಆ ನೆರಳನ್ನು ಬೆನ್ನಟ್ಟುತ್ತಾ ಗೆಡ್‌ನ ದೋಣಿ ಒಡೆದು ಒಂದು ಮರಳುದಿಬ್ಬಕ್ಕೆ ಬಂದು ಬೀಳುತ್ತಾನೆ. ಅಲ್ಲಿ ಒಬ್ಬ ಮುದುಕ, ಒಬ್ಬಳು ಮುದುಕಿ. ಇವನ ಮಾತು ಅವರಿಗೆ ತಿಳಿಯದು, ಅವರದ್ದು ಇವನಿಗೆ. ಅಜ್ಜಿ ತಾನು ಬಚ್ಚಿಟ್ಟುಕೊಂಡಿದ್ದ, ಮುತ್ತು ಹೊಲಿದ ಒಂದು ಪುಟ್ಟ ರೇಷ್ಮೆ ಅಂಗಿ ತೋರಿಸುತ್ತಾಳೆ. ಆಮೇಲೆ ಮುರಿದ ಉಂಗುರದ ತುಂಡೊಂದನ್ನು ಅವನ ಕೈಗಿಡುತ್ತಾಳೆ. ಅಷ್ಟೇ, ಕತೆ ಮುಂದೆ ಹೋಗುತ್ತದೆ. ಆ ತುಂಡು ಏನು, ಅದರ ಇನ್ನರ್ಧ ಎಲ್ಲಿದೆ ಅನ್ನೋದರ ಮೇಲೇ 1971ರ ಎರಡನೇ ಪುಸ್ತಕ ನಿಂತಿದೆ. ಅದು ಮುಗಿದದ್ದೇ ತಡ, ಮೊದಲನೆಯದನ್ನು ತೆಗೆದು ಅಜ್ಜಿಯ ಪುಟ ಹುಡುಕಿದೆ.

ಆ ಲೋಕದಲ್ಲಿ ಪ್ರತಿಯೊಬ್ಬರಿಗೂ ಒಂದು ನಿಜವಾದ ಹೆಸರಿರುತ್ತದೆ. ತೀರಾ ನಂಬಿದವರಿಗೆ ಮಾತ್ರ ಹೇಳುವಂಥದ್ದು. ಕಾಲೇಜಿನಲ್ಲಿದ್ದಾಗ ಇದೊಂದು ಜಾಣ ಕಲ್ಪನೆ ಅಂದುಕೊಂಡಿದ್ದೆ. ನಮ್ಮಜ್ಜಿ ಯಾವತ್ತೂ ಅಜ್ಜನ ಹೆಸರೆತ್ತಿದವಳಲ್ಲ. ರೇಷನ್ ಕಾರ್ಡಿಗೆ ಅಂತ ಯಜಮಾನರ ಹೆಸರು ಕೇಳಿದರೆ ನನ್ನ ಬೆನ್ನಿಗೆ ತಿವಿದು "ನೀನೇ ಹೇಳೋ" ಅನ್ನುತ್ತಿದ್ದಳು. ಅವಳು ಹೋದ ಮೇಲೆ ಮತ್ತೆ ಓದಿದಾಗ, ಎಲ್ಲರೂ ದೂರವಿಟ್ಟಿದ್ದ ಗೆಡ್‌ಗೆ ಅವನ ಗೆಳೆಯ ತನ್ನ ನಿಜವಾದ ಹೆಸರು ಹೇಳುವ ಜಾಗದಲ್ಲಿ ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದೆ.

ಎಲ್ಲವೂ ಚೆನ್ನ ಅಂತಲ್ಲ. ಮೂರನೆಯದರ ನಡುಭಾಗ ಎಷ್ಟು ಸಲ ಓದಿದರೂ ನನಗೆ ಆಕಳಿಕೆಯೇ. ನಾಲ್ಕನೆಯದು 1990ರಲ್ಲಿ ಬಂತು, ಹದಿನೆಂಟು ವರ್ಷ ಬಿಟ್ಟು. ಅಷ್ಟು ಹೊತ್ತಿಗೆ ಗೆಡ್ ಶಕ್ತಿಯನ್ನೆಲ್ಲ ಕಳೆದುಕೊಂಡು ಗಾಂಟ್‌ಗೆ ವಾಪಸ್ ಬಂದಿರುತ್ತಾನೆ. ಬೆಟ್ಟದ ಮೇಲೆ ಆಡು ಮೇಯಿಸುತ್ತಾನೆ. ಇಪ್ಪತ್ತರ ವಯಸ್ಸಿನಲ್ಲಿ ನನಗೆ ಸಿಟ್ಟೇ ಬಂದಿತ್ತು: ಡ್ರ್ಯಾಗನ್ ಜೊತೆ ಮಾತಾಡಿದವನಿಗೆ ಈ ಗತಿಯಾ ಅಂತ. ಈ ಸಲ ಓದುವಾಗ, ಅಳುತ್ತಾ ಓಡಿದ ಹುಡುಗ ಕೊನೆಗೂ ಆಡುಗಳ ನಡುವೆ ಹೆದರದೆ ನಿಂತಿದ್ದಾನಲ್ಲ ಅನಿಸಿತು.

ಮೊದಲ ಪುಸ್ತಕ ಕಳಿಸುತ್ತಿದ್ದೇನೆ. ಬೈಂಡಿಂಗ್ ಸಡಿಲ ಆಗಿದೆ, ಹುಷಾರು. ಅಜ್ಜಿಯ ಪುಟದಲ್ಲಿ ಒಂದು ಹಳೇ ಬಸ್ ಟಿಕೆಟ್ ಇದೆ, ಅದನ್ನು ತೆಗೀಬೇಡ.

ನಿನ್ನವನೇ