ಬಣ್ಣದ ಕಾಗದ ಸುತ್ತದ ಗೊಂಬೆ

ಲೀಡ್ಸ್, ಡಿಸೆಂಬರ್ 21

ಅವ್ವಾ,

ಆರಾಮಿದ್ದೀಯಾ? ಅಪ್ಪನ ಮೊಣಕಾಲು ನೋವು ಹೇಗಿದೆ? ಫೋನಿನಲ್ಲೇ ಹೇಳೋಣ ಅಂದ್ರೆ ‘ಉಂಡೀ? ಥಂಡಿ ಭಾಳ ಐತೇನು?’ ಅನ್ನುವುದರಲ್ಲೇ ನಿನ್ನ ಹತ್ತು ನಿಮಿಷ ಮುಗಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಅಂಚೆಗೆ ಹಾಕಿದರೆ ಸಂಕ್ರಾಂತಿಗೂ ಮುಟ್ಟಲಿಕ್ಕಿಲ್ಲ, ಫೋಟೊ ತೆಗೆದು ತಂಗಿಯ ವಾಟ್ಸಾಪಿಗೆ ಹಾಕುತ್ತೇನೆ. ಅವಳು ಓದಿ ಹೇಳಲಿ. ಥಂಡಿ ಇದೆ. ಮೂರು ಮುಕ್ಕಾಲಿಗೆಲ್ಲ ಹೊತ್ತು ಮುಳುಗುತ್ತದೆ. ಉಂಡಿದ್ದೇನೆ.

ನಾಲ್ಕು ಶನಿವಾರದಿಂದ ಇಲ್ಲೊಂದು ಚರ್ಚಿನ ಹಾಲಿನಲ್ಲಿ ನಡೆಯುವ ಫುಡ್ ಬ್ಯಾಂಕಿಗೆ ಹೋಗುತ್ತಿದ್ದೇನೆ. ಬ್ಯಾಂಕ್ ಅಂದ್ರೆ ದುಡ್ಡಿನದಲ್ಲ, ಕಾಳುಕಡಿಯದು. ಸಂತೆಗೆ ಬಂದವರು ಎರಡು ಡಬ್ಬಿ ಜಾಸ್ತಿ ಕೊಂಡು ಅಂಗಡಿ ಬಾಗಿಲಲ್ಲಿಟ್ಟ ಬುಟ್ಟಿಗೆ ಹಾಕಿ ಹೋಗುತ್ತಾರೆ. ನಾವು ಅದನ್ನು ತಂದು, ತಾರೀಖು ನೋಡಿ ಬೇರೆ ಮಾಡಿ, ಒಂದು ಮನೆಗೆ ಮೂರು ದಿನಕ್ಕೆ ಸಾಲುವಷ್ಟು ಕಟ್ಟಿಕೊಡುತ್ತೇವೆ. ‘ಇಂಗ್ಲೆಂಡಿನಾಗೂ ಹಸದವರು ಅದಾರೇನು’ ಅಂತ ಅಪ್ಪ ನಗಬಹುದು. ಇದ್ದಾರೆ. ಟ್ರಸ್ಸೆಲ್ ಅನ್ನುವ ಸಂಸ್ಥೆಯ ಕೇಂದ್ರಗಳಿಂದಲೇ 2023-24ರಲ್ಲಿ ಬ್ರಿಟನ್ ತುಂಬ 31 ಲಕ್ಷ ಪೊಟ್ಟಣ ಹೋಗಿವೆ. ಅದನ್ನು ಶುರು ಮಾಡಿದ ಗಂಡ ಹೆಂಡತಿ, ಪ್ಯಾಡಿ ಮತ್ತು ಕ್ಯಾರಲ್ ಹೆಂಡರ್ಸನ್, ಮೊದಲು ಬಲ್ಗೇರಿಯಾದ ಬೀದಿ ಮಕ್ಕಳಿಗಾಗಿ ದುಡ್ಡು ಕೂಡಿಸುತ್ತಿದ್ದರು. ಆಗ ಅವರದೇ ಊರು ಸಾಲ್ಸ್‌ಬರಿಯ ಒಬ್ಬ ತಾಯಿ ಫೋನ್ ಮಾಡಿ, ನನ್ನ ಮಕ್ಕಳು ಇವತ್ತು ಹಸಿದು ಮಲಗುತ್ತಾರೆ, ಅದಕ್ಕೇನು ಮಾಡುತ್ತೀರಿ ಅಂತ ಕೇಳಿದಳಂತೆ. 2000ದಲ್ಲಿ ಅವರ ಹಿತ್ತಲಿನ ಶೆಡ್ಡಿನಲ್ಲೇ ಕೆಲಸ ಶುರುವಾಯಿತು.

ಬರುವವರು ಕೈಚಾಚಿ ಕೂತವರಲ್ಲ ಅವ್ವಾ. ದುಡಿಯುವವರೇ. ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸುವವಳು, ಮನೆಮನೆಗೆ ಪಾರ್ಸೆಲ್ ಮುಟ್ಟಿಸುವವನು. ಕೆಲಸ ಹೋಗಿ ಸರ್ಕಾರದ ಭತ್ಯೆಗೆ ಅರ್ಜಿ ಹಾಕಿದರೆ ಮೊದಲ ಕಂತು ಬರಲು ಐದು ವಾರ. ಅದರ ಮೇಲೆ ಕ್ರಿಸ್‌ಮಸ್ ರಜೆ. ಸಾಲಿ ಎರಡು ವಾರ ಬಂದ್, ಅಲ್ಲಿಯ ಪುಕ್ಕಟೆ ಮಧ್ಯಾಹ್ನದ ಊಟವೂ ಬಂದ್. 2020ರಲ್ಲಿ ಮಾರ್ಕಸ್ ರ‍್ಯಾಷ್‌ಫರ್ಡ್ ಅನ್ನುವ ಫುಟ್‌ಬಾಲ್ ಆಟಗಾರ, ರಜೆಯಲ್ಲೂ ಮಕ್ಕಳಿಗೆ ಊಟ ಬೇಕು ಅಂತ ಪಟ್ಟು ಹಿಡಿದು ಸರ್ಕಾರವನ್ನು ಮಣಿಸಿದ್ದ. ನಮ್ಮಲ್ಲಿ 2024ರ ಬರದಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಹಾಕಿದ್ದರಲ್ಲ, ಅದನ್ನು ಇಲ್ಲಿಯವರಿಗೆ ಹೇಳಿದೆ. ನಂಬಲೇ ಇಲ್ಲ.

ಹೋದ ಶನಿವಾರ ಒಬ್ಬಾಕೆ ಚೀಲದಿಂದ ಆಲೂಗಡ್ಡೆ ತೆಗೆದು ಮೇಜಿನ ಮೇಲೆ ವಾಪಸ್ ಇಟ್ಟಳು. ಬೇಡವಾ ಅಂದೆ. ‘ಬೇಯಲು ಬಹಳ ಹೊತ್ತು ಬೇಕು, ಮೀಟರಿನಲ್ಲಿ ಎರಡೇ ಪೌಂಡ್ ಇದೆ’ ಅಂದಳು. ಇಲ್ಲಿ ಎಷ್ಟೋ ಬಡವರ ಮನೆಯಲ್ಲಿ ಗ್ಯಾಸು, ಕರೆಂಟಿಗೆಲ್ಲ ಮೊಬೈಲಿಗೆ ಕರೆನ್ಸಿ ಹಾಕಿಸಿದ ಹಾಗೆ ಮೊದಲೇ ದುಡ್ಡು ತುಂಬಬೇಕು. ಮುಗಿದರೆ ಕತ್ತಲೆ. ಇಂಥವರಿಗೆ ಅಂತಲೇ ಬೇರೆ ಡಬ್ಬ ಕಟ್ಟುತ್ತೇವೆ: ಬಿಸಿನೀರು ಹಾಕಿದರೆ ಸಾಕು ಅನ್ನುವಂಥವು, ನೂಡಲ್ಸ್, ಸೂಪಿನ ಪುಡಿ, ಓಟ್ಸ್ ಗಂಜಿ. ಅದಕ್ಕೆ ಕೆಟಲ್ ಡಬ್ಬ ಅಂತ ಹೆಸರು. ಆಕೆಗೆ ಅದನ್ನೇ ಕೊಟ್ಟೆ. ಆಲೂಗಡ್ಡೆ ಇಡೀ ದಿನ ಮೇಜಿನ ಮೇಲೇ ಇತ್ತು. ನನಗ್ಯಾಕೋ ತೆಗೆದಿಡಲು ಮನಸ್ಸಾಗಲಿಲ್ಲ.

ಒಂದು ಮಾತ್ರ ನನಗೆ ಇನ್ನೂ ಒಗ್ಗಿಲ್ಲ. ಇಲ್ಲಿಗೆ ಬರಲು ಡಾಕ್ಟರೋ, ಸಾಲಿಯವರೋ ಕೊಟ್ಟ ಚೀಟಿ ಬೇಕು. ಹುಬ್ಬಳ್ಳಿ ಸಿದ್ಧಾರೂಢ ಮಠದಲ್ಲಿ ಪಂಕ್ತಿಗೆ ಕೂತವರನ್ನು ಯಾರಾದ್ರೂ ಚೀಟಿ ಕೇಳಿದ್ದಾರಾ? ಚೀಟಿ ಇದ್ದರೆ ಸಾಲಕ್ಕೋ ಬಾಡಿಗೆಗೋ ಬೇರೆ ಸಹಾಯವನ್ನೂ ಕೊಡಿಸಬಹುದು ಅಂತಾರೆ. ಇರಬಹುದು. ಆದರೂ ಅದನ್ನು ಜೇಬಿನಿಂದ ತೆಗೆಯುವಾಗ ಅವರು ಮುಖ ಎತ್ತುವುದಿಲ್ಲ.

ಗೊಂಬೆಗಳ ವಿಷಯ ಹೇಳಬೇಕು. ಒಳಗಿನ ಕೋಣೆಯ ಉದ್ದ ಮೇಜಿನ ಮೇಲೆ ದಾನ ಬಂದ ಆಟಿಗೆ ಸಾಮಾನು ಹರವಿರುತ್ತದೆ. ಯಾವುದಕ್ಕೂ ಬಣ್ಣದ ಕಾಗದ ಸುತ್ತಿರುವುದಿಲ್ಲ. ಮೊದಲ ದಿನ ನಾನು ಜಾಣತನ ಮಾಡಿ ಒಂದನ್ನು ಸುತ್ತಲು ಹೋಗಿ ಬೈಸಿಕೊಂಡೆ. ಮಕ್ಕಳನ್ನು ಹೊರಗೆ ಬಿಸ್ಕೀಟು ಕೊಟ್ಟು ಕೂರಿಸುತ್ತಾರೆ. ತಾಯಿ, ತಂದೆ ಒಬ್ಬೊಬ್ಬರೇ ಒಳಗೆ ಬಂದು ಆರಿಸುತ್ತಾರೆ, ತಾವೇ ಸುತ್ತುತ್ತಾರೆ. ಒಬ್ಬ, ಪಾರ್ಸೆಲ್ ಕಂಪನಿಯ ಜಾಕೆಟ್ ಹಾಕಿದ್ದವನು, ಇಪ್ಪತ್ತು ನಿಮಿಷ ಹುಡುಕಿ ಒಂದು ಅಡುಗೆ ಆಟದ ಸೆಟ್ ತೆಗೆದುಕೊಂಡ. ಕಾಗದ ಮಡಿಚಲು ಬರಲಿಲ್ಲ. ಅಪ್ಪ ನೇಯ್ದ ಸೀರೆ ಮಡಿಚುವಾಗ ಅಂಚಿಗೆ ಅಂಚು ಕೂಡಿಸಿ ಅಂಗೈಯಿಂದ ಸವರುತ್ತಾರಲ್ಲ, ಹಾಗೆ ತೋರಿಸಿದೆ. ಚೀಟಿಯ ಮೇಲೆ ‘ಸಾಂಟಾ ಅಜ್ಜನಿಂದ’ ಅಂತ ಬರೆದ. ಮಗಳಿಗೆ ಕಾಣಬಾರದು ಅಂತ ಕಸದ ಕರೀ ಚೀಲದಲ್ಲಿ ಹಾಕಿಕೊಂಡು ಹೋದ.

ನಾನು ಐದನೇ ಇಯತ್ತೆಯಲ್ಲಿದ್ದಾಗ ನೂಲಿಲ್ಲದೆ ಅಪ್ಪನ ಮಗ್ಗ ಮೂರು ತಿಂಗಳು ನಿಂತಿತ್ತು, ನೆನಪಿದೆಯಾ? ಆ ವರ್ಷ ಯಾರೋ ದೊಡ್ಡವರು ಸಾಲಿಗೆ ಬಂದು ನಮ್ಮ ಹನ್ನೊಂದು ಮಂದಿಯನ್ನು ವೇದಿಕೆ ಹತ್ತಿಸಿ ಪಾಟಿಚೀಲ ಕೊಟ್ಟರು. ಫೋಟೊದವನು ನಗು ನಗು ಅಂದ. ಚೀಲದ ಮೇಲೆ ಅವರ ಹೆಸರು ಗೇಣುದ್ದ. ವರ್ಷವಿಡೀ ಆ ಮಗ್ಗುಲನ್ನು ಮೈಗೆ ಒತ್ತಿಕೊಂಡೇ ಸಾಲಿಗೆ ಹೋದೆ. ನಿನಗೆ ಇವತ್ತೇ ಹೇಳುತ್ತಿರುವುದು.

ಅದೇ ವರ್ಷವೇ ಅಲ್ವಾ, ಬೆಟಗೇರಿ ಚರ್ಚಿನ ಹಿಂದಿನ ಓಣಿಯ ದೊಡ್ಡವ್ವ ಸೆರಗಿನಲ್ಲಿ ಮುಚ್ಚಿಕೊಂಡು ಜೋಳದ ಹಿಟ್ಟು ತರುತ್ತಿದ್ದದ್ದು? ‘ಜಾಸ್ತಿ ಬೀಸಿಸೇನವಾ, ಹುಳ ಬೀಳತಾವು, ನೀನಾರ ಇಟಗೋ’ ಅನ್ನುತ್ತಿದ್ದಳು. ವಾರವಾರವೂ ಅವಳ ಹಿಟ್ಟಿಗೆ ಹುಳ ಬೀಳುವುದು ಹೇಗೆ ಅಂತ ನನಗೆ ಆಗ ಸಂಶಯವೇ ಬರಲಿಲ್ಲ.

ಈಗ ಅವಳ ಮಗನ ಮಗ್ಗ ನಿಂತಿದೆ ಅಂತ ತಂಗಿ ಹೇಳಿದಳು. ಕ್ರಿಸ್‌ಮಸ್‌ಗೆ ನಾಲ್ಕೇ ದಿನ, ಮನೆಯಲ್ಲಿ ಮೂರು ಮೊಮ್ಮಕ್ಕಳು. ಈ ಸಲ ಐದು ಸಾವಿರ ಜಾಸ್ತಿ ಹಾಕಿದ್ದೇನೆ. ದುಡ್ಡು ಒಯ್ದು ಕೊಡಬೇಡ, ತಗೊಳ್ಳುವುದಿಲ್ಲ. ರವೆ, ಬೆಲ್ಲ, ಒಣಕೊಬ್ಬರಿ, ಪುಟಾಣಿ, ಎಣ್ಣೆ, ಒಂದು ಚೀಲ ಜೋಳ, ಎಲ್ಲ ತರಿಸು. ‘ಮಗಳಿಗೆ ನಿನ್ನ ಕೈಯ ಕರ್ಚಿಕಾಯೇ ಬೇಕಂತ, ನನಗ ಸೊಂಟ ನೋವು, ನೀನೇ ಮಾಡಿಕೊಡವಾ’ ಅಂತ ಹೇಳು. ಇಪ್ಪತ್ತು ಕರ್ಚಿಕಾಯಿಗೆ ಅಷ್ಟೊಂದು ಸಾಮಾನು ಯಾಕೆ, ಜೋಳ ಯಾಕೆ ಅಂತ ಕೇಳುತ್ತಾಳೆ. ಅಳತೆ ತಪ್ಪಿತು, ಇಟ್ಟರೆ ಹುಳ ಬೀಳುತ್ತೆ ಅನ್ನು. ಮಕ್ಕಳ ಅಂಗಿಯ ಅಳತೆ ತಂಗಿಗೆ ಗೊತ್ತಿದೆ. ತಂದು ಅವರವ್ವನ ಕೈಗೆ ಕೊಡಲಿ, ಮಕ್ಕಳ ಕೈಗಲ್ಲ.

25ಕ್ಕೆ ಇಲ್ಲಿ ಬಸ್ಸು, ರೈಲು ಏನೂ ಇಲ್ಲ. ನನಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ, ನಡೆದೇ ಹೋಗಬೇಕು. ಸ್ವೆಟರ್ ಹಾಕಿಕೊಳ್ಳುತ್ತೇನೆ, ಅದಕ್ಕಾಗಿ ಫೋನ್ ಮಾಡಬೇಡ.

ತಂಗೀ, ದೊಡ್ಡವ್ವ ಮನೆಯಲ್ಲಿ ಕೂತಿದ್ದರೆ ಇದನ್ನು ಜೋರಾಗಿ ಓದಬೇಡ ಮತ್ತೆ.

ನಿನ್ನ ಮಗಳು